ನೆಲವೇ ದೇವರಾದರೆ ಗುಡಿ ಎಲ್ಲಿ ಕಟ್ಟುವುದು? ಇತ್ಸುಕುಶಿಮಾದ ಕಥೆ

ಜಪಾನಿನ ಬಗ್ಗೆ ಜಾಸ್ತಿ ಗೊತ್ತಿಲ್ಲದವರೂ ಈ ಚಿತ್ರವನ್ನು ಎಲ್ಲೋ ಒಂದು ಕಡೆ ನೋಡಿರುತ್ತಾರೆ. ಸಮುದ್ರದ ನೀರಿನಲ್ಲಿ ನಿಂತ ದೊಡ್ಡ ಕೆಂಪು ಬಾಗಿಲು. ಅದಕ್ಕೆ ಕದವಿಲ್ಲ, ಅಕ್ಕಪಕ್ಕ ಗೋಡೆಯಿಲ್ಲ. ಹಿಂದೆ ಹಸಿರು ಬೆಟ್ಟ. ಹಿರೋಶಿಮಾ ಪಕ್ಕದ ಇತ್ಸುಕುಶಿಮಾ ದ್ವೀಪ ಅದು. ಜನ ಮಾತಿನಲ್ಲಿ ಮಿಯಾಜಿಮಾ ಅನ್ನುತ್ತಾರೆ. ಮಿಯಾ ಎಂದರೆ ಗುಡಿ, ಶಿಮಾ ಎಂದರೆ ದ್ವೀಪ. ಗುಡಿಯ ದ್ವೀಪ.

ಬಾಗಿಲಿನಿಂದ ಸುಮಾರು 200 ಮೀಟರ್ ಒಳಗೆ ಗುಡಿ ಇದೆ. ಅದೂ ನೀರಿನ ಮೇಲೆಯೇ. ಉಬ್ಬರ ಬಂದಾಗ ಸಮುದ್ರ ಅದರ ನೆಲಹಲಗೆಯ ಕೆಳಗೆ ಬಂದು ನಿಲ್ಲುತ್ತದೆ. ಇಳಿತದಲ್ಲಿ ಮರಳು, ಪಾಚಿ, ಏಡಿ ಎಲ್ಲ ಕಾಣುತ್ತವೆ.

ದ್ವೀಪ ತೀರಾ ಚಿಕ್ಕದೇನಲ್ಲ. ಸುತ್ತಳತೆಯೇ ಸುಮಾರು 30 ಕಿಲೋಮೀಟರ್. ಗಟ್ಟಿ ನೆಲ ಬೇಕಾದಷ್ಟಿದೆ. ಮರದ ಕಟ್ಟಡವನ್ನು ಉಪ್ಪುನೀರಿನಲ್ಲಿ ನಿಲ್ಲಿಸಿದರೆ ಕಂಬ ಕೊಳೆಯುತ್ತದೆ, ಹುಳ ಹಿಡಿಯುತ್ತದೆ, ಚಂಡಮಾರುತ ಬಂದರೆ ಏಟು ಬೀಳುತ್ತದೆ. ಕಟ್ಟಿದವರಿಗೆ ಇದೆಲ್ಲ ಗೊತ್ತಿಲ್ಲದೆ ಇರಲಿಲ್ಲ. ಆದರೂ ನೀರಿನಲ್ಲೇ ಕಟ್ಟಿದರು. ಯಾಕೆ?

ಈ ಒಂದು ಪ್ರಶ್ನೆಯ ಉತ್ತರ ಸಿಕ್ಕರೆ ದ್ವೀಪದಲ್ಲಿ ಕಾಣುವ ಬಹುಪಾಲು ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ. ಅಲ್ಲಿ ಸ್ಮಶಾನ ಯಾಕಿಲ್ಲ, ಬೆಟ್ಟದ ಕಾಡು ಯಾಕೆ ಹಾಗೇ ಉಳಿದಿದೆ, ಬಾಗಿಲು ಸಮುದ್ರದ ಕಡೆಗೆ ಯಾಕಿದೆ, ಹೀಗೆ. ಉತ್ತರ ಇಷ್ಟು: ಇಲ್ಲಿ ಗುಡಿಯೊಳಗೆ ಮಾತ್ರ ದೇವರಿರುವುದಲ್ಲ. ಇಡೀ ದ್ವೀಪವೇ ದೇವರು. ನಮ್ಮ ಮಾತಿನಲ್ಲಿ ಹೇಳುವುದಾದರೆ ದ್ವೀಪವೇ ಗರ್ಭಗುಡಿ. ಗರ್ಭಗುಡಿಯ ಒಳಗೆ ನುಗ್ಗಿ, ಮರ ಕಡಿದು, ನೆಲ ಅಗೆದು ಪಾಯ ಹಾಕುವುದು ಹೇಗೆ? ಹಾಗಾಗಿ ಅಂಚಿನಲ್ಲಿ ನಿಂತರು. ಪೂರ್ತಿ ನೆಲವೂ ಅಲ್ಲದ, ಪೂರ್ತಿ ಸಮುದ್ರವೂ ಅಲ್ಲದ ಜಾಗ ಹುಡುಕಿ ಅಲ್ಲಿ ಕಟ್ಟಿದರು.

ಇದನ್ನು ಸರಿಯಾಗಿ ತಿಳಿಯಲು ಶಿಂತೊ ಬಗ್ಗೆ ಸ್ವಲ್ಪ ಹೇಳಬೇಕು. ಶಿಂತೊ ಜಪಾನಿನ ಹಳೆಯ ನಂಬಿಕೆ. ಅದಕ್ಕೆ ಒಬ್ಬ ಸ್ಥಾಪಕ ಅಂತ ಇಲ್ಲ, ಎಲ್ಲರೂ ಒಪ್ಪುವ ಒಂದೇ ಧರ್ಮಗ್ರಂಥವೂ ಇಲ್ಲ. ಅವರು ಪೂಜಿಸುವ ಶಕ್ತಿಗೆ 'ಕಾಮಿ' ಎಂದು ಹೆಸರು. ಬೆಟ್ಟದಲ್ಲಿ ಕಾಮಿ ಇರಬಹುದು, ಜಲಪಾತದಲ್ಲಿ, ಹಳೆಯ ಮರದಲ್ಲಿ, ಒಂದು ಬಂಡೆಯಲ್ಲಿ ಇರಬಹುದು. ಮೊದಮೊದಲು ಗುಡಿಯೇ ಇರುತ್ತಿರಲಿಲ್ಲ. ಬೆಟ್ಟದ ಎದುರು ನಿಂತು ಕೈ ಮುಗಿದರೆ ಆಯಿತು. ಕೊಡಗಿನ ದೇವರಕಾಡಿನ ಬಗ್ಗೆ ತಿಳಿದವರಿಗೆ ಈ ಭಾವನೆ ಹೊಸದಲ್ಲ. ಅಲ್ಲೂ ಕಾಡೇ ದೇವರ ಜಾಗ, ಕೊಡಲಿ ಒಳಗೆ ಹೋಗಬಾರದು.

ಜಪಾನಿನ ದೊಡ್ಡ ದ್ವೀಪಗಳ ನಡುವಿನ ಸೆತೊ ಒಳಸಮುದ್ರದಲ್ಲಿ ದೋಣಿ ನಡೆಸುವವರಿಗೆ ಈ ದ್ವೀಪ ದೂರದಿಂದಲೇ ಕಾಣುತ್ತದೆ. ನೀರಿನಿಂದ ನೇರ ಎದ್ದ ಹಾಗಿರುವ ಬೆಟ್ಟ. ತುದಿಯಲ್ಲಿ ಮಿಸೆನ್ ಶಿಖರ, ಎತ್ತರ 535 ಮೀಟರ್. ಮೊದಲ ಗುಡಿಯನ್ನು 593ರಲ್ಲಿ ಸಾಯೆಕಿ ನೊ ಕುರಾಮೊತೊ ಎಂಬ ಸ್ಥಳೀಯ ಮುಖಂಡ ಕಟ್ಟಿಸಿದ ಎಂದು ಪರಂಪರೆ ಹೇಳುತ್ತದೆ. ಗುಡಿಯಲ್ಲಿರುವುದು ಮೂವರು ಅಕ್ಕತಂಗಿಯರು: ಇಚಿಕಿಶಿಮಾಹಿಮೆ, ತಾಗೊರಿಹಿಮೆ, ತಾಗಿತ್ಸುಹಿಮೆ. ಮೂವರೂ ಸಮುದ್ರದ ದೇವತೆಯರು, ದೋಣಿಯವರನ್ನು ಕಾಯುವವರು.

ಈಗ ಕಟ್ಟಳೆಗಳಿಗೆ ಬರೋಣ. ಜಪಾನಿ ಭಾಷೆಯಲ್ಲಿ 'ಕೆಗಾರೆ' ಎಂಬ ಪದವಿದೆ. ಅದನ್ನು ಕನ್ನಡದವರಿಗೆ ಕಷ್ಟಪಟ್ಟು ವಿವರಿಸುವ ಅಗತ್ಯವೇ ಇಲ್ಲ. ನಮ್ಮಲ್ಲಿ ಸೂತಕ, ಪುರುಡು, ಮೈಲಿಗೆ ಎಂಬ ಮಾತುಗಳಿವೆಯಲ್ಲ, ಹೆಚ್ಚುಕಡಿಮೆ ಅದೇ. ಸಾವು, ಹೆರಿಗೆ, ರಕ್ತ ಇವು ದೇವರ ಸನ್ನಿಧಿಗೆ ಹತ್ತಿರ ಬರಬಾರದು ಎಂಬ ಭಾವನೆ. ಬೇರೆ ಊರುಗಳಲ್ಲಿ ಗುಡಿಯ ಅಂಗಳದ ಮಟ್ಟಿಗೆ ಇದನ್ನು ಪಾಲಿಸಿದರೆ ಸಾಕು. ಇತ್ಸುಕುಶಿಮಾದಲ್ಲಿ ಇಡೀ ದ್ವೀಪವೇ ಸನ್ನಿಧಿ. ಹಾಗಾಗಿ ಕಟ್ಟಳೆ ಇಡೀ ದ್ವೀಪಕ್ಕೆ ಅನ್ವಯಿಸಿತು.

ಬಹಳ ಕಾಲ ಅಲ್ಲಿ ಜನ ವಾಸವೇ ಮಾಡುತ್ತಿರಲಿಲ್ಲ. ಪೂಜೆ ಮಾಡುವವರು ಆಚೆ ದಡದಿಂದ ದೋಣಿಯಲ್ಲಿ ಬಂದು ಹೋಗುತ್ತಿದ್ದರು. ಆಮೇಲೆ ಮನೆಗಳು ಬಂದವು, ಊರು ಬೆಳೆಯಿತು, ಕಟ್ಟಳೆ ಮಾತ್ರ ಉಳಿಯಿತು. ಹೊಲ ಉಳುವ ಹಾಗಿಲ್ಲ. ಸತ್ತವರನ್ನು ಅಲ್ಲಿ ಹೂಳುವ ಹಾಗಿಲ್ಲ, ಹೆಣವನ್ನು ಆಚೆ ದಡಕ್ಕೆ ಸಾಗಿಸಬೇಕು. ದಿನ ತುಂಬಿದ ಬಸುರಿ ದೋಣಿ ಹತ್ತಿ ಆಚೆ ಹೋಗಬೇಕು. ಹೆತ್ತ ಮೇಲೆ 100 ದಿನ ಕಳೆಯದೆ ವಾಪಸ್ ಬರುವ ಹಾಗಿಲ್ಲ. ಮುಟ್ಟಿನ ದಿನಗಳಲ್ಲೂ ಹೆಂಗಸರು ಬೇರೆ ಜಾಗದಲ್ಲಿ ಇರಬೇಕಿತ್ತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ದ್ವೀಪದ ಪಾವಿತ್ರ್ಯದ ಬಗ್ಗೆ ಓದುವಾಗ ಈ ಕಟ್ಟಳೆಗಳನ್ನು ಚಂದದ ಕಥೆಯ ಹಾಗೆ ಹೇಳಿಬಿಡುತ್ತಾರೆ. ಆದರೆ ಆ ಪಾವಿತ್ರ್ಯದ ಭಾರ ಹೊತ್ತವರು ಯಾರು ಎಂದು ನೋಡಿದರೆ, ಬಹುಪಾಲು ಹೆಂಗಸರೇ. ನೋವು ಶುರುವಾಗುವ ಹೊತ್ತಿಗೆ ಮನೆ ಬಿಟ್ಟು, ದೋಣಿಯಲ್ಲಿ ಅಲೆಯ ಮೇಲೆ ಹೋಗುವುದು ಸುಮ್ನೆ ಮಾತಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ, ಮೇಜಿ ಕಾಲದಲ್ಲಿ, ಇಂಥ ನಿಯಮಗಳು ಸಡಿಲವಾದವು. ಸ್ಮಶಾನ ಮಾತ್ರ ಇವತ್ತಿಗೂ ದ್ವೀಪದಲ್ಲಿ ಇಲ್ಲ.

ಈ ಕಟ್ಟಳೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ 1555ರ ಯುದ್ಧ ಸಾಕ್ಷಿ. ಮೋರಿ ಮೊತೊನಾರಿ ಎಂಬ ಸರದಾರ ತನ್ನ ಎದುರಾಳಿ ಸುಯೆ ಹಾರುಕಾತಾನನ್ನು ಇದೇ ದ್ವೀಪಕ್ಕೆ ಸೆಳೆದು, ಬಿರುಗಾಳಿಯ ರಾತ್ರಿಯಲ್ಲಿ ಸಮುದ್ರ ದಾಟಿ ಬಂದು ಸೋಲಿಸಿದ. ಗೆದ್ದ ಮೇಲೆ ಅವನಿಗೆ ಚಿಂತೆ ಹತ್ತಿತು, ದೇವರ ನೆಲದ ಮೇಲೆ ರಕ್ತ ಬಿದ್ದಿತ್ತು. ಸತ್ತವರನ್ನು ಆಚೆ ದಡಕ್ಕೆ ಸಾಗಿಸಿದರು. ಗುಡಿಯನ್ನು ತೊಳೆಸಿದರು. ರಕ್ತ ಬಿದ್ದ ಮಣ್ಣನ್ನು ಕೆರೆದು ತೆಗೆಸಿದರು. ಈಗ ನಾವು ನೋಡುವ ಮುಖ್ಯ ಗುಡಿಯನ್ನು 1571ರಲ್ಲಿ ಮತ್ತೆ ಕಟ್ಟಿಸಿದ್ದು ಇದೇ ಮೊತೊನಾರಿ.

ಆದರೆ ಗುಡಿಗೆ ಇಂದಿನ ರೂಪ ಕೊಟ್ಟವನು ಅವನಿಗಿಂತ ನಾಲ್ಕು ಶತಮಾನ ಹಿಂದಿನವನು. ತಾಯಿರಾ ನೊ ಕಿಯೊಮೊರಿ. 1146ರಲ್ಲಿ ಅವನು ಆಕಿ ಪ್ರಾಂತದ ಅಧಿಕಾರಿಯಾದ, ಈ ದ್ವೀಪ ಅದೇ ಪ್ರಾಂತದಲ್ಲಿತ್ತು. ಅವನ ಮನೆತನದ ಬಲವೆಲ್ಲ ಸಮುದ್ರದ ಮೇಲೆ ನಿಂತಿತ್ತು. ಒಳಸಮುದ್ರದ ದೋಣಿದಾರಿ, ಚೀನಾದ ಜೊತೆಗಿನ ವ್ಯಾಪಾರ, ಎರಡೂ ಅವರ ಕೈಯಲ್ಲಿದ್ದವು. ಅಂಥವನು ಸಮುದ್ರದ ದೇವತೆಯರಿಗೆ ನಡೆದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. 1168ರ ಹೊತ್ತಿಗೆ ಗುಡಿ ಈಗಿನ ವಿಸ್ತಾರಕ್ಕೆ ಬೆಳೆಯಿತು.

ಅವನು ಆರಿಸಿಕೊಂಡ ಶೈಲಿ ಗುಡಿಯದ್ದಲ್ಲ, ಅರಮನೆಯದ್ದು. ಆ ಕಾಲದ ರಾಜಧಾನಿ ಕ್ಯೋತೊದಲ್ಲಿ ದೊಡ್ಡ ಮನೆತನದವರು ಒಂದು ಕೊಳದ ಎದುರು ಮನೆ ಕಟ್ಟುತ್ತಿದ್ದರು. ನಡುವೆ ಮುಖ್ಯ ಮನೆ, ಎರಡೂ ಕಡೆ ಕೈ ಚಾಚಿದ ಹಾಗೆ ಮುಚ್ಚುಮಾಡಿನ ಮೊಗಸಾಲೆಗಳು. ಕಿಯೊಮೊರಿ ಅದೇ ನಕ್ಷೆಯನ್ನು ಇಲ್ಲಿಗೆ ತಂದ. ಕೊಳದ ಜಾಗದಲ್ಲಿ ಸಮುದ್ರವನ್ನೇ ಇಟ್ಟ. ಎಂಥ ಕಲ್ಪನೆ ನೋಡಿ! ದಿನಕ್ಕೆ ಎರಡು ಸಲ ತುಂಬಿ ಎರಡು ಸಲ ಬರಿದಾಗುವ ಕೊಳ. ಅವನ ಮನೆತನ 1185ರಲ್ಲಿ ಇದೇ ಒಳಸಮುದ್ರದ ಪಶ್ಚಿಮ ತುದಿಯಲ್ಲಿ, ದಾನ್ನೊಉರಾದ ದೋಣಿಯುದ್ಧದಲ್ಲಿ ಮುಳುಗಿಹೋಯಿತು. ಗೆದ್ದವರು ಗುಡಿಯನ್ನು ಕೆಡವಲಿಲ್ಲ. 13ನೇ ಶತಮಾನದಲ್ಲಿ ಎರಡು ಸಲ ಬೆಂಕಿ ಬಿದ್ದಾಗಲೂ ಮತ್ತೆ ಎಬ್ಬಿಸಿದರು.

ಇನ್ನು ನೀರಿನಲ್ಲಿ ನಿಂತ ಮರದ ಕಟ್ಟಡ ಉಳಿದದ್ದು ಹೇಗೆ? ನನಗೆ ಇಡೀ ಗುಡಿಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಯಾರೂ ಫೋಟೋ ತೆಗೆಯದ ಒಂದು ಸಂಗತಿ, ಮೊಗಸಾಲೆಯ ನೆಲಹಲಗೆಗಳ ನಡುವಿನ ಸಂದು. ಬಗ್ಗಿ ನೋಡಿದರೆ ಹಲಗೆಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿಲ್ಲ, ನಡುವೆ ಸ್ವಲ್ಪ ಜಾಗ ಬಿಟ್ಟಿದ್ದಾರೆ. ದೊಡ್ಡ ಉಬ್ಬರದ ದಿನ ಅಲೆ ಕೆಳಗಿನಿಂದ ಗುದ್ದುತ್ತದೆ. ಹಲಗೆಗಳು ಬಿಗಿಯಾಗಿದ್ದರೆ ಇಡೀ ನೆಲವನ್ನೇ ನೀರು ಎತ್ತಿಬಿಡುತ್ತದೆ. ಸಂದು ಇರುವುದರಿಂದ ನೀರು ಮೇಲೆ ಚಿಮ್ಮಿ, ಮತ್ತೆ ಅದೇ ಸಂದಿನಿಂದ ಕೆಳಗೆ ಇಳಿದುಹೋಗುತ್ತದೆ. ಸಮುದ್ರವನ್ನು ತಡೆಯುವ ಬದಲು ದಾರಿ ಬಿಟ್ಟುಕೊಡುವುದು, ಅಷ್ಟೇ ಉಪಾಯ.

ಮೊಗಸಾಲೆಗಳ ಒಟ್ಟು ಉದ್ದ ಸುಮಾರು 275 ಮೀಟರ್. ಮುಖ್ಯ ಗುಡಿ ಎಲ್ಲಕ್ಕಿಂತ ಹಿಂದೆ, ದಡದ ಕಡೆಗಿದೆ. ಅದರ ಮುಂದೆ ಕುಣಿತದ ಜಗಲಿ, ಬಯಲು ವೇದಿಕೆ, ಮೊಗಸಾಲೆಗಳು. ಬಿರುಗಾಳಿ ಬಂದರೆ ಮೊದಲ ಏಟು ಮುಂದಿನವಕ್ಕೆ. 1991ರ ಚಂಡಮಾರುತದಲ್ಲಿ ನೀರಿನ ಮೇಲಿದ್ದ, 'ನೋ' ಎಂಬ ಜಪಾನಿನ ಹಳೆಯ ಮುಖವಾಡದ ನಾಟಕದ ರಂಗಮಂದಿರ ಕುಸಿಯಿತು, 1994ರಲ್ಲಿ ಮತ್ತೆ ಕಟ್ಟಿದರು. 2004ರಲ್ಲಿ ಇನ್ನೊಂದು ಚಂಡಮಾರುತ ವಾದ್ಯಗಾರರ ಮಂಟಪವೊಂದನ್ನು ಉರುಳಿಸಿತು. ಎರಡು ಸಲವೂ ಹಿಂದಿನ ಮುಖ್ಯ ಗುಡಿ ಉಳಿಯಿತು. ಕಂಬದ ಬುಡ ಕೊಳೆತರೆ ಇಡೀ ಕಂಬ ಕಿತ್ತು ಹಾಕುವುದಿಲ್ಲ. ಕೊಳೆತಷ್ಟನ್ನೇ ಕೊಯ್ದು, ಅದೇ ಅಳತೆಯ ಹೊಸ ಮರವನ್ನು ಕಚ್ಚು ಕೊಟ್ಟು ಕೂರಿಸುತ್ತಾರೆ. ಹೀಗೆ ಮೇಲೆ ಹಳೆಯದು, ಕೆಳಗೆ ಹೊಸದು ಇರುವ ಕಂಬಗಳು ಅಲ್ಲಿ ಬೇಕಾದಷ್ಟಿವೆ.

ಇನ್ನು ಹೆಬ್ಬಾಗಿಲು. ಶಿಂತೊ ಗುಡಿಯ ಮುಂದಿನ ಇಂಥ ಬಾಗಿಲಿಗೆ ತೊರೀ ಎಂದು ಹೆಸರು. ನಮ್ಮ ತೋರಣಕ್ಕೂ ಇದಕ್ಕೂ ನಂಟಿದೆ ಎಂದು ಊಹಿಸಿದವರಿದ್ದಾರೆ, ಆದರೆ ಅದು ಸಾಬೀತಾದ ಮಾತಲ್ಲ. ತೊರೀ ದಾಟಿದರೆ ನೀವು ಜನರ ಲೋಕದಿಂದ ಕಾಮಿಯ ಲೋಕಕ್ಕೆ ಕಾಲಿಟ್ಟ ಹಾಗೆ. ಹಿಂದೆ ಯಾತ್ರಿಕರು ದೋಣಿಯಲ್ಲಿ ಬಂದು ಈ ಬಾಗಿಲಿನ ಅಡಿಯಿಂದಲೇ ಗುಡಿಗೆ ಹೋಗುತ್ತಿದ್ದರು. ಹಾಗಾಗಿ ಸಮುದ್ರದ ಕಡೆಯೇ ಇಲ್ಲಿ ಮುಂಬಾಗಿಲು.

ಈಗ ನಿಂತಿರುವುದು 1875ರಲ್ಲಿ ಕಟ್ಟಿದ್ದು. ಎತ್ತರ 16 ಮೀಟರಿಗೂ ಜಾಸ್ತಿ, ತೂಕ ಸುಮಾರು 60 ಟನ್. ಆಶ್ಚರ್ಯವೆಂದರೆ ಇದರ ಕಾಲುಗಳನ್ನು ಸಮುದ್ರದ ತಳದಲ್ಲಿ ಹೂತಿಲ್ಲ. ಕೆಸರಿನೊಳಗೆ ಪೈನ್ ಮರದ ಗೂಟಗಳನ್ನು ಒತ್ತೊತ್ತಾಗಿ ಬಡಿದು, ಅದರ ಮೇಲೆ ಕಲ್ಲು ಹಾಸಿ, ಬಾಗಿಲನ್ನು ಸುಮ್ಮನೆ ಇಟ್ಟಿದ್ದಾರೆ. ಎರಡು ದಪ್ಪ ಕಂಬಗಳು, ಅವಕ್ಕೆ ಹಿಂದೆ ಮುಂದೆ ಆಸರೆಯಾಗಿ ನಾಲ್ಕು ಸಣ್ಣ ಕಂಬಗಳು. ಒಟ್ಟು ಆರು ಕಾಲು. ಮೇಲಿನ ಅಡ್ಡತೊಲೆ ಗಟ್ಟಿ ಮರವಲ್ಲ, ಪೆಟ್ಟಿಗೆಯ ಹಾಗೆ ಟೊಳ್ಳು. ಅದರೊಳಗೆ ಮುಷ್ಟಿ ಗಾತ್ರದ ಕಲ್ಲುಗಳನ್ನು ತುಂಬಿದ್ದಾರೆ, ಸುಮಾರು 7 ಟನ್. ಆ ಭಾರವೇ ಬಾಗಿಲನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಕಂಬ ತೊಲೆಗಳು ಸೇರುವಲ್ಲಿ ಬೆಣೆಗಳಿವೆ. ಗಾಳಿಗೆ, ಭೂಕಂಪಕ್ಕೆ ಅವು ಸ್ವಲ್ಪ ಆಡುತ್ತವೆ, ಮುರಿಯುವುದಿಲ್ಲ.

ದಪ್ಪ ಕಂಬಗಳು ಕರ್ಪೂರದ ಮರದವು. ನಾವು ಆರತಿಗೆ ಹಚ್ಚುವ ಕರ್ಪೂರದ ವಾಸನೆ ನೆನಪಿಸಿಕೊಳ್ಳಿ. ಆ ಎಣ್ಣೆ ಮರದಲ್ಲೇ ಇರುವುದರಿಂದ ಹುಳ ಬೇಗ ಹತ್ತುವುದಿಲ್ಲ. ಕಂಬಗಳನ್ನು ಕೆತ್ತಿ ನೇರ ಮಾಡಿಲ್ಲ. ಮರ ಹೇಗೆ ಬೆಳೆದಿತ್ತೋ ಆ ಗಂಟು, ಆ ಉಬ್ಬು ಹಾಗೆಯೇ ಇವೆ. ಹತ್ತಿರ ಹೋದಾಗಲೇ ಅದು ಕಾಣುವುದು. ಹಾಗಂತ ಮರಕ್ಕೆ ಮುಪ್ಪು ಬರುವುದಿಲ್ಲ ಎಂದಲ್ಲ. ಹುಳ, ಗೆದ್ದಲು, ಉಪ್ಪು ಎಲ್ಲ ಸೇರಿ ತಿಂದಿದ್ದರಿಂದ 2019ರಿಂದ 2022ರ ಕೊನೆಯವರೆಗೆ ದೊಡ್ಡ ದುರಸ್ತಿ ನಡೆಯಿತು. ಆಗ ಬಂದವರಿಗೆ ಕಂಡದ್ದು ಬಟ್ಟೆ ಹೊದ್ದ ಅಟ್ಟಣಿಗೆ ಮಾತ್ರ.

ಇಳಿತದಲ್ಲಿ ನಡೆದು ಹೋದವರು ಕಂಬದ ಬಿರುಕುಗಳಲ್ಲಿ ನಾಣ್ಯ ಸಿಕ್ಕಿಸಿ ಹರಕೆ ಹೊರುವ ಅಭ್ಯಾಸ ಮಾಡಿಕೊಂಡಿದ್ದಾರೆ. ದಯವಿಟ್ಟು ಮಾಡಬೇಡಿ. ಬಿರುಕು ದೊಡ್ಡದಾಗುತ್ತದೆ, ನೀರು ಒಳಗೆ ಇಳಿಯುತ್ತದೆ. ಗುಡಿಯವರೂ ಬೇಡ ಎಂದು ಕೇಳಿಕೊಂಡಿದ್ದಾರೆ.

ನಮಗೆ ಹತ್ತಿರದ ಒಂದು ಸಂಗತಿ ಗುಡಿಯ ಪಕ್ಕದಲ್ಲೇ ಇದೆ. ಅಲ್ಲಿ ದಾಯ್‌ಗಾನ್‌ಜಿ ಎಂಬ ಬೌದ್ಧ ದೇವಾಲಯವಿದೆ. ಅದರಲ್ಲಿರುವ ದೇವತೆ ಬೆಂಜಾಯ್‌ತೆನ್. ಈಕೆ ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿ. ಬೌದ್ಧ ಸೂತ್ರಗಳ ಜೊತೆ ಭಾರತದಿಂದ ಚೀನಾಕ್ಕೆ, ಅಲ್ಲಿಂದ ಜಪಾನಿಗೆ ಹೋದವಳು. ಆ ಹೆಸರಿನ ಅರ್ಥವೇ ಮಾತಿನ ಶಕ್ತಿಯ ದೇವತೆ ಎಂದು. ಕೈಯಲ್ಲಿ ವೀಣೆಯ ಬದಲು ಅಲ್ಲಿನ ತಂತಿವಾದ್ಯ ಬೀವಾ. ಸರಸ್ವತಿ ಮೊದಲು ನದಿ ಅಲ್ವಾ? ಜಪಾನಿನಲ್ಲೂ ಆಕೆ ನೀರು ಬಿಟ್ಟು ಇರಲಿಲ್ಲ. ಆಕೆಯ ಹೆಸರಾಂತ ಮೂರು ನೆಲೆಗಳಾದ ಇತ್ಸುಕುಶಿಮಾ, ಎನೊಶಿಮಾ, ಚಿಕುಬುಶಿಮಾ ಮೂರೂ ದ್ವೀಪಗಳೇ.

ನೂರಾರು ವರ್ಷ ಇಲ್ಲಿನ ಜನ ಇಚಿಕಿಶಿಮಾಹಿಮೆ ಮತ್ತು ಬೆಂಜಾಯ್‌ತೆನ್ ಇಬ್ಬರನ್ನೂ ಒಬ್ಬಳೇ ಎಂದು ಪೂಜಿಸಿದರು. ಬುದ್ಧನ ದಾರಿ ಬೇರೆ, ಕಾಮಿಯ ದಾರಿ ಬೇರೆ ಎಂಬ ಗೆರೆ ಅವರ ಮನಸ್ಸಿನಲ್ಲಿ ಇರಲಿಲ್ಲ. ಕಿಯೊಮೊರಿ 1164ರಲ್ಲಿ ಈ ಶಿಂತೊ ಗುಡಿಗೆ ಅರ್ಪಿಸಿದ್ದೇ ಬೌದ್ಧ ಸೂತ್ರಗಳ 33 ಸುರುಳಿಗಳನ್ನು. ಗೆರೆ ಎಳೆದದ್ದು 1868ರ ಸರ್ಕಾರದ ಆಜ್ಞೆ. ಶಿಂತೊ, ಬೌದ್ಧ ಎರಡನ್ನೂ ಬೇರೆ ಮಾಡಿ ಎಂದಿತು. ಬೆಂಜಾಯ್‌ತೆನ್ ಆಗ ಪಕ್ಕದ ದಾಯ್‌ಗಾನ್‌ಜಿಗೆ ಬಂದಳು. ಗುಡಿ ನೋಡಿ ಹಾಗೇ ಹೊರಟುಹೋಗುವವರೇ ಜಾಸ್ತಿ. ನೀವು ಕನ್ನಡದವರಾದರೆ ಪಕ್ಕದ ಈ ಬಾಗಿಲಿಗೂ ಒಮ್ಮೆ ಹೋಗಿ ಕೈ ಮುಗಿಯಿರಿ. ದ್ವೀಪದ ಅಂಗಡಿಗಳಲ್ಲಿ ಮಾರುವ ಮರದ ಅನ್ನದ ಸಟ್ಟುಗಕ್ಕೂ ಆಕೆಗೂ ನಂಟಿದೆ. 18ನೇ ಶತಮಾನದ ಕೊನೆಯಲ್ಲಿ ಸೆಯ್‌ಶಿನ್ ಎಂಬ ಸನ್ಯಾಸಿ ಬೆಂಜಾಯ್‌ತೆನ್ ಕೈಯ ಬೀವಾದ ಆಕಾರದಲ್ಲೇ ಅದನ್ನು ಮಾಡಿ, ಊರವರಿಗೆ ಕಲಿಸಿದನಂತೆ. ಉಳುಮೆ ಇಲ್ಲದ ಊರಿಗೆ ಅದು ಒಂದು ಹೊಟ್ಟೆಪಾಡಾಯಿತು.

ಬೆಟ್ಟದ ವಿಷಯ. ಮರ ಕಡಿಯಬಾರದು ಎಂಬ ಕಟ್ಟಳೆಯಿಂದ ಮಿಸೆನ್ ಬೆಟ್ಟದ ಮೂಲ ಕಾಡು ಉಳಿಯಿತು. 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಗುಡಿಯೊಂದನ್ನೇ ಅಲ್ಲ, ಅದರ ಎದುರಿನ ಸಮುದ್ರವನ್ನೂ ಹಿಂದಿನ ಕಾಡನ್ನೂ ಸೇರಿಸಿಯೇ ತೆಗೆದುಕೊಂಡರು. ಹಿರೋಶಿಮಾದಲ್ಲಿ ಅಣುಬಾಂಬ್ ಬಿದ್ದ ಮೇಲೂ ನಿಂತುಳಿದ ಗುಮ್ಮಟದ ಕಟ್ಟಡ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಎರಡಕ್ಕೂ ಇನ್ನೊಂದು ಕೊಂಡಿ ಇದೆ. ಮಿಸೆನ್ ಮೇಲಿನ ಒಂದು ಸಣ್ಣ ಮಂಟಪದಲ್ಲಿ, ಸನ್ಯಾಸಿ ಕೂಕಾಯ್ 806ರಲ್ಲಿ ಹೊತ್ತಿಸಿದ ಬೆಂಕಿ ಇವತ್ತಿಗೂ ಆರಿಲ್ಲ ಎಂಬ ನಂಬಿಕೆ ಇದೆ. ಹಿರೋಶಿಮಾದ ಶಾಂತಿ ಉದ್ಯಾನದ ಜ್ವಾಲೆಯನ್ನು 1964ರಲ್ಲಿ ಹೊತ್ತಿಸಲು ತಂದ ಬೆಂಕಿಗಳಲ್ಲಿ ಇದೂ ಒಂದು.

ಬಾಂಬ್ ಬಿದ್ದು ಆರು ವಾರವಾಗಿತ್ತು. 1945ರ ಸೆಪ್ಟೆಂಬರ್ 17ರಂದು ಭಾರಿ ಚಂಡಮಾರುತ ಬಂದು ಬೆಟ್ಟ ಜರಿಯಿತು. ಮೊಮಿಜಿದಾನಿ ಹಳ್ಳದಲ್ಲಿ ಬಂಡೆ, ಮಣ್ಣು ಉರುಳಿ ಬಂದು ಗುಡಿಯ ಕೆಳಗೆಲ್ಲ ತುಂಬಿತು. ಆಮೇಲೆ 1948ರಿಂದ 1950ರವರೆಗೆ ಆ ಹಳ್ಳವನ್ನು ಭದ್ರಪಡಿಸುವ ಕೆಲಸ ನಡೆಯಿತು. ಎಂಜಿನಿಯರುಗಳೂ ತೋಟಗಾರರೂ ಸೇರಿ ತಮಗೆ ತಾವೇ ಕೆಲವು ನಿಯಮ ಹಾಕಿಕೊಂಡರು. ದೊಡ್ಡ ಬಂಡೆಗಳನ್ನು ಒಡೆಯಬಾರದು. ಮರ ಕಡಿಯಬಾರದು. ಬೇರೆ ಕಡೆಯಿಂದ ಕಲ್ಲು ತರಬಾರದು. ಕಾಂಕ್ರೀಟು ಕಣ್ಣಿಗೆ ಬೀಳಬಾರದು. ಪಕ್ಕದ ಹಿರೋಶಿಮಾವೇ ಸುಟ್ಟು ಬೂದಿಯಾಗಿದ್ದ ಕಾಲದಲ್ಲಿ ಹೀಗೆ ಯೋಚಿಸಿದವರ ಬಗ್ಗೆ ನನಗೆ ತುಂಬಾ ಗೌರವ. ಇವತ್ತು ಆ ಹಳ್ಳದ ಪಕ್ಕ ನಡೆದರೆ ಅದು ಪ್ರವಾಹ ತಡೆಯುವ ಕಟ್ಟೆ ಎಂದು ಗೊತ್ತಾಗುವುದೇ ಇಲ್ಲ, ತೋಟದ ಹಾಗಿದೆ. ನೆಲಕ್ಕೆ ನೋವಾಗದ ಹಾಗೆ ಕಟ್ಟಬೇಕು ಎಂಬ ಹಳೆಯ ಹಿಂಜರಿಕೆ ಕಾಂಕ್ರೀಟಿನ ಕಾಲದಲ್ಲೂ ಕೆಲಸ ಮಾಡಿತ್ತು.

ಈಗ ಹೋಗುವ ಬಗ್ಗೆ. ಹಿರೋಶಿಮಾದಿಂದ ರೈಲಿನಲ್ಲಿ ಮಿಯಾಜಿಮಾಗುಚಿಗೆ ಸುಮಾರು ಅರ್ಧ ಗಂಟೆ. ಅಲ್ಲಿಂದ ಫೆರಿಯಲ್ಲಿ 10 ನಿಮಿಷ. 2023ರ ಅಕ್ಟೋಬರಿನಿಂದ ದ್ವೀಪಕ್ಕೆ ಬರುವವರಿಂದ 100 ಯೆನ್ ತೆರಿಗೆ ತೆಗೆದುಕೊಳ್ಳುತ್ತಾರೆ, ಅದನ್ನು ಟಿಕೆಟ್ಟಿಗೆ ಸೇರಿಸಿರುತ್ತಾರೆ. ಇಳಿದ ಕೂಡಲೇ ಜಿಂಕೆಗಳು ಎದುರಾಗುತ್ತವೆ. ತಿನ್ನಲು ಏನೂ ಕೊಡಬೇಡಿ. ಕೈಯಲ್ಲಿರುವ ನಕ್ಷೆ, ಟಿಕೆಟ್ ಜೋಪಾನ, ಕಾಗದವನ್ನೂ ತಿಂದುಬಿಡುತ್ತವೆ.

ದಿನ ಗೊತ್ತುಮಾಡುವ ಮೊದಲು ನೋಡಬೇಕಾದದ್ದು ಹವಾಮಾನಕ್ಕಿಂತ ಉಬ್ಬರವಿಳಿತದ ಪಟ್ಟಿ. ಅದನ್ನು ಅಲ್ಲಿನ ಪ್ರವಾಸಿ ಸಂಘ ಪ್ರಕಟಿಸುತ್ತದೆ. ನೀರಿನ ಮಟ್ಟ 250 ಸೆಂಟಿಮೀಟರಿಗಿಂತ ಮೇಲಿದ್ದರೆ ಗುಡಿ ತೇಲುತ್ತಿರುವ ಹಾಗೆ ಕಾಣುತ್ತದೆ. 100ಕ್ಕಿಂತ ಕೆಳಗಿದ್ದರೆ ಮರಳಿನ ಮೇಲೆ ನಡೆದು ಬಾಗಿಲಿನ ಬುಡಕ್ಕೇ ಹೋಗಬಹುದು. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಆಗ ಒಂದೇ ದಿನ ಎರಡನ್ನೂ ನೋಡಬಹುದು. ದೊಡ್ಡ ಉಬ್ಬರ ಬರುವುದು ಹುಣ್ಣಿಮೆಯ ದಿನವಲ್ಲ, ಒಂದೆರಡು ದಿನ ಕಳೆದ ಮೇಲೆ. ಕಾಂಗೆನ್‌ಸಾಯ್ ಹಬ್ಬವನ್ನು ಹಳೆಯ ಚಾಂದ್ರಮಾನದ ಆರನೇ ತಿಂಗಳ 17ನೇ ದಿನ, ಅಂದರೆ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ, ಇಟ್ಟದ್ದು ಸುಮ್ನೆ ಅಲ್ಲ. ಅವತ್ತು ದೇವರು ದೋಣಿ ಹತ್ತಿ, ವಾದ್ಯದವರ ಜೊತೆ ಆಚೆ ದಡದ ಗುಡಿಗೆ ಹೋಗಿ ರಾತ್ರಿ ವಾಪಸ್ ಬರುತ್ತದೆ. ಅಷ್ಟು ದೊಡ್ಡ ದೋಣಿ ಗುಡಿಯ ಹತ್ತಿರ ಬರಲು ತುಂಬಿದ ನೀರು ಬೇಕು.

ಗುಡಿಯೊಳಗೆ ಹೋಗುವ ಮುನ್ನ ಕೈಬಾಯಿ ತೊಳೆಯಬೇಕು. ಮರದ ಸೌಟಿನಿಂದ ಮೊದಲು ಎಡಗೈಗೆ ನೀರು, ಆಮೇಲೆ ಬಲಗೈಗೆ. ನಂತರ ಎಡ ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಬೇಕು. ಸೌಟನ್ನು ನೇರ ಬಾಯಿಗೆ ಇಡಬಾರದು. ದೇವರ ಎದುರು ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಪಕ್ಕದ ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ಇಲ್ಲ, ಸುಮ್ಮನೆ ಕೈ ಮುಗಿದರೆ ಸಾಕು.

ಆದರೆ ಒಂದು ರಾತ್ರಿ ದ್ವೀಪದಲ್ಲೇ ಉಳಿಯಿರಿ. ಹಗಲಿನ ಜನವೆಲ್ಲ ಸಂಜೆಯ ಫೆರಿಗಳಲ್ಲಿ ಹೊರಟುಹೋಗುತ್ತಾರೆ, ಅಂಗಡಿ ಮುಚ್ಚುತ್ತವೆ. ಆಮೇಲೆ ಕೇಳುವುದು ಹಲಗೆಯ ಕೆಳಗೆ ನೀರು ಸರಿದಾಡುವ ಸದ್ದು ಮಾತ್ರ.

ಮರುದಿನ ವಾಪಸ್ ಬರುವಾಗ ಎಲ್ಲರೂ ಫೆರಿಯ ಹಿಂಭಾಗದಲ್ಲಿ ನಿಂತು ದ್ವೀಪವನ್ನೇ ನೋಡುತ್ತಾರೆ. ಒಮ್ಮೆ ತಿರುಗಿ ಎದುರಿನ ದಡದ ಕಡೆಗೂ ನೋಡಿ. ದ್ವೀಪದವರ ಸಮಾಧಿಗಳು ಇರುವುದು ಆ ಕಡೆ. ದಿನ ತುಂಬಿದ ಬಸುರಿಯರು ದಾಟಿದ್ದೂ ಇದೇ ನೀರನ್ನು.